ತೊಂಬತ್ತೆರಡು ಮೀಟರ್

ಚಾರ್ಜರು ಪುಕ್ಕಟೆಯಾಗಿ ಬಂದಿತ್ತು. ಅವಮಾನ ಶುರುವಾದದ್ದೇ ಅಲ್ಲಿಂದ. ಒಬ್ಬರು ಓಡಿಸಿ ಬಿಟ್ಟ ಕರೆಂಟು ಕಾರನ್ನು ಅವಳಿಗೆ ಮಾರಿದವನು, ಕೀಲಿಕೈ ಜೊತೆಗೆ ಊಟದ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆಯೊಂದನ್ನೂ ಕೊಟ್ಟು, "ಗೋಡೆಗೆ ಹೊಡ್ಸಿ, ಕರೆಂಟ್ ಕೊಡ್ಸಿ, ಮುಗೀತು" ಎಂದಿದ್ದ. ಆ 'ಮುಗೀತು' ಎಷ್ಟಕ್ಕೆ ಮುಗಿಯುತ್ತದೆ ಎಂಬ ಅಂದಾಜು ಪಟ್ಟಿ ಈಗ ಅವಳ ಕೈಯಲ್ಲಿತ್ತು. ಒಂದು ಲಕ್ಷದ ಎಂಬತ್ತಾರು ಸಾವಿರ. ಕಾರಿನ ಬೆಲೆಯ ಕಾಲು ಭಾಗ. ಕುದುರೆ ಕೊಂಡವಳಿಗೆ ಲಗಾಮು ದಾನವಾಗಿ ಸಿಕ್ಕಿತ್ತು. ಲಾಯದ ಬಾಗಿಲಿಗೆ ಮಾತ್ರ ಲಕ್ಷದ ಬೀಗ.

ನಲವತ್ತೆಂಟು ಮನೆಗಳ ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಅಳಿಲಕ್ಕ ಎನ್ನುತ್ತಿದ್ದರು. ಮಕ್ಕಳ ಕಾರ್ಟೂನೊಂದರಲ್ಲಿ ಆರು ವರ್ಷ ಅಳಿಲಿಗೆ ಕಂಠ ಕೊಟ್ಟವಳು ಅವಳು. ಅಳಿಲಿಗಷ್ಟೇ ಅಲ್ಲ, ಅದರ ಗೊಣಗುವ ಅತ್ತೆಗೆ, ನೆಗಡಿಯಾದ ಆಮೆಗೆ, ಮರದ ಪೊಟರೆಯ ಮುದಿ ಗೂಬೆಗೂ. ಒಂದೇ ಗಂಟಲು, ನಾಲ್ಕು ಸಂಬಳವಂತೂ ಅಲ್ಲ.

ಅಂದಾಜು ಪಟ್ಟಿಯನ್ನು ಅವಳು ಗಂಡನಿಗೆ ಗೂಬೆಯ ದನಿಯಲ್ಲಿ ಓದಿ ಹೇಳಿದಳು. ದಪ್ಪ ತಾಮ್ರದ ಕೇಬಲ್ಲು, ತೊಂಬತ್ತೆರಡು ಮೀಟರ್. ಕೇಬಲ್ಲು ಮಲಗಲು ಕಬ್ಬಿಣದ ತಟ್ಟೆ, ತೊಂಬತ್ತೆರಡು ಮೀಟರ್. ಮೂರು ಕಾಂಕ್ರೀಟು ಗೋಡೆ ಕೊರೆದು, ಬೆಂಕಿ ದಾಟದ ಹಾಗೆ ತೂತು ಮುಚ್ಚುವುದು. ಬೇರೆ ಮೀಟರು, ಅರ್ಥಿಂಗು, ಕೂಲಿ.

"ಮೀಟರು ಕೋಣೆ ಒಂದು ತುದಿ, ನಮ್ಮ ಕಾರಿನ ಜಾಗ ಇನ್ನೊಂದು ತುದಿ" ಎಂದ ಗಂಡ. ಅವನದು ಕನ್ನಡಕದಂಗಡಿ, ದೂರದ್ದು ಹತ್ತಿರದ್ದು ಅಳೆಯುವುದೇ ಕಸುಬು. "ಬೇರೆಯವರನ್ನೂ ಕೇಳ್ದೆಯಲ್ಲ, ಅವರೇನಂದ್ರು?"

ಕೇಳಿದ್ದಳು. ಒಬ್ಬ ಇನ್ನೂ ಹನ್ನೆರಡು ಸಾವಿರ ಹೆಚ್ಚು ಹೇಳಿದ್ದ. ಇನ್ನೊಬ್ಬ ನಾಲ್ಕು ಸಾವಿರ ಕಡಿಮೆ ಹೇಳಿ, ಗೋಡೆಯ ತೂತು ನೀವೇ ಮುಚ್ಚಿಸಿಕೊಳ್ಳಿ ಅಂದಿದ್ದ. ಇದರಿಂದ ಅವಳು ತೆಗೆದ ತೀರ್ಮಾನ ಒಂದೇ: ಎಲ್ಲರೂ ಒಂದೇ ಬಳ್ಳಿಯ ಕಾಯಿಗಳು.

"ಬೆಲೆ ನ್ಯಾಯವಾಗಿಯೇ ಇರಬಹುದು ಕಣೇ."

"ನಿಮ್ಮ ನಂಬರು ಬದಲಾಗಿದೆ. ಕಣ್ಣು ತೋರಿಸ್ಕೊಳ್ರೀ" ಎಂದಳು ಅಳಿಲಕ್ಕ.

ದುಡ್ಡಿನ ಮಾತಷ್ಟೇ ಆಗಿದ್ದರೆ ಅವಳು ಹಲ್ಲು ಕಚ್ಚಿ ಕೊಡುತ್ತಿದ್ದಳೇನೋ. ಆದರೆ ಸ್ಟುಡಿಯೋ ನಲವತ್ತು ಕಿಲೋಮೀಟರ್ ದೂರ. ಎರಡು ದಿನಕ್ಕೊಮ್ಮೆ ಪೇಟೆಯ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಸರದಿ ನಿಲ್ಲಬೇಕು. ಕಳೆದ ತಿಂಗಳು ಮುಂದಿದ್ದ ಮಹಾನುಭಾವನೊಬ್ಬ ಕಾರನ್ನು ಸಿಕ್ಕಿಸಿ ಕ್ಷೌರಕ್ಕೆ ಹೋಗಿಬಿಟ್ಟ. ಕ್ಷೌರ ಅವನಿಗೆ, ತಲೆ ಬೋಳಾದದ್ದು ಇವಳದು: ಒಂದೂವರೆ ಗಂಟೆ ತಡವಾಗಿ ಸ್ಟುಡಿಯೋ ಮುಟ್ಟುವಷ್ಟರಲ್ಲಿ ಅಳಿಲಿನ ಕಂಠ ಬೇರೊಬ್ಬಳ ಪಾಲಾಗಿತ್ತು. ಈಗ ಉಳಿದಿರುವುದು ಅತ್ತೆ, ಆಮೆ, ಗೂಬೆ. ಇನ್ನೊಮ್ಮೆ ತಡವಾದರೆ ಆಮೆಯೂ ಅವಳಿಗಿಂತ ಮುಂದೆ ಹೋಗುತ್ತದೆ ಎಂದು ನಿರ್ದೇಶಕ ನಗುತ್ತಲೇ ಹೇಳಿದ್ದ. ಅವನು ನಗುತ್ತ ಹೇಳಿದ್ದನ್ನೆಲ್ಲ ಮಾಡಿ ತೋರಿಸುವವನು.

ಅವಳು ಕಟ್ಟಡದ ನಿವಾಸಿಗಳ ಸಂಘದ ಸಭೆಯಲ್ಲಿ ಎದ್ದು ನಿಂತಳು. ಖರ್ಚನ್ನು ಎಲ್ಲರೂ ಹಂಚಿಕೊಂಡು ಒಂದು ದಪ್ಪ ಕೇಬಲ್ಲನ್ನು ನೆಲಮಾಳಿಗೆಯುದ್ದಕ್ಕೂ ಎಳೆಸಿದರೆ, ನಾಳೆ ಕರೆಂಟು ಕಾರು ಕೊಳ್ಳುವವರಿಗೂ ಅನುಕೂಲ ಎಂದಳು. ಸಂಘದ ಕಾರ್ಯದರ್ಶಿ ಮೈಕಿಗೆ ಬಾಯಿ ಕೊಟ್ಟರು. ಆನೆಯಂಥ ದೇಹ, ಗುಬ್ಬಿಯಂಥ ಗಂಟಲು. ಅಷ್ಟು ದೊಡ್ಡ ಹೊಟ್ಟೆಯಿಂದ ಅಷ್ಟು ಸಣ್ಣ ದನಿ ಹೊರಡುವಾಗ ಹೊಸಬರು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡುತ್ತಿದ್ದರು.

"ಅಲ್ಲಾ, ವಿಷಯ ಏನಪ್ಪಾ ಅಂದ್ರೆ" — ಮೂಗಿನಲ್ಲೊಂದು ಸಣ್ಣ ಸೊರ್ರ್ — "ನಿಯಮ ಹದಿನಾಲ್ಕು. ಚಾರ್ಜರು ಬೇಕಾದವರು ಮೀಟರು ಕೋಣೆಯಿಂದ ತಮ್ಮ ಜಾಗದ ತನಕ ತಾವೇ ಎಳೆಸ್ಕೋಬೇಕು. ಒಮ್ಮೆ ಗೋಡೆ ಕೊರೆದು ಹಾಕಿದ್ಮೇಲೆ ಕೀಳೋ ಹಾಗೂ ಇಲ್ಲ. ಗೊತ್ತಾಯ್ತಾ, ಇಲ್ವಾ?" ಮತ್ತೆ ಸೊರ್ರ್. "ಅಳಿಲು ಸೇವೆ ಅಂದ್ಕೊಂಡು ಕೊಟ್ಬಿಡಿ, ಅಳಿಲಕ್ಕ."

ಸಭೆಯೆಲ್ಲ ನಕ್ಕಿತು. ಗಂಡನೂ ನಕ್ಕ; ಆಮೇಲೆ ಕೆಮ್ಮಿದ. ಆ ನಗುವಿನ ನಡುವೆ ಕೂತುಕೊಂಡಾಗಲೇ ಅಳಿಲಕ್ಕ ತೀರ್ಮಾನಿಸಿದ್ದಳು: ಒಂದು ಕಾಸನ್ನೂ ಕೊಡುವುದಿಲ್ಲ. ಚಾರ್ಜರು ಗೋಡೆಗೆ ಏರುತ್ತದೆ, ತೊಂಬತ್ತೆರಡು ಮೀಟರ್ ಕೇಬಲ್ಲು ಸಂಘದ ಖರ್ಚಿನಲ್ಲೇ ಬರುತ್ತದೆ, ಮತ್ತು ಅದನ್ನು ಹಾಕಿಸುವವರು ಇದೇ ಕಾರ್ಯದರ್ಶಿ.

ಅಂದರೆ, ಅವರ ದನಿ.

ಯೋಜನೆಗೆ ಬೇಕಾದ್ದನ್ನೆಲ್ಲ ಅವರೇ ಹೊಂದಿಸಿಟ್ಟಿದ್ದರು. ಕಟ್ಟಡದ ಕರೆಂಟು ಕೆಲಸವೆಲ್ಲ ಕಾರ್ಯದರ್ಶಿಯ ಹೆಂಡತಿಯ ತಮ್ಮನಿಗೇ ಹೋಗುತ್ತಿತ್ತು. ಬೋಳು ತಲೆಯ, ಕಿವಿಯ ಮೇಲೆ ಸದಾ ಪೆನ್ಸಿಲಿಟ್ಟ ಆ ವೈರಿನವನೇ ಅವಳಿಗೆ ಅಂದಾಜು ಪಟ್ಟಿ ಬರೆದುಕೊಟ್ಟವನು. ಆದ್ದರಿಂದ ಅವಳ ಲೆಕ್ಕದಲ್ಲಿ ವೈರಿ. ಭಾವ ನಿಯಮ ಮಾಡುವುದು, ಭಾಮೈದ ಬಿಲ್ಲು ಮಾಡುವುದು. ಇದನ್ನು ಕಟ್ಟಡದಲ್ಲಿ ಪಿಸುಗುಟ್ಟದವರಿರಲಿಲ್ಲ. ಆದರೆ ನಿಯಮ ಇಪ್ಪತ್ತೆರಡು ಇತ್ತು: ಪದಾಧಿಕಾರಿಗಳು ತಮ್ಮ ಬಂಧುಗಳೊಂದಿಗೆ ನೇರ ವ್ಯವಹಾರ ಮಾಡತಕ್ಕದ್ದಲ್ಲ. ಆ 'ನೇರ' ಎಂಬ ಒಂದು ಪದದಲ್ಲಿ ಎಂಥ ಸುರಂಗ ತೋಡಿದ್ದಾರೆ ಎಂಬುದನ್ನು ಅಳಿಲಕ್ಕ ಕಣ್ಣಾರೆ ಕಂಡಿದ್ದಳು.

ಅವಳ ಜಾಗ ಅಳೆಯಲು ಬಂದ ದಿನ ನೆಲಮಾಳಿಗೆಯಲ್ಲಿ ಕಾರ್ಯದರ್ಶಿ ಒಂದು ಕಂಬಕ್ಕೆ ಮುಖ ಮಾಡಿ ನಿಂತಿದ್ದರು. ವೈರಿನವನು ಇನ್ನೊಂದು ಕಂಬಕ್ಕೆ. ನಡುವೆ ಹೆಂಡತಿ, ಕೈಯಲ್ಲಿ ತರಕಾರಿ ಚೀಲ.

"ಅವನಿಗೆ ಹೇಳು, ಆ ತಟ್ಟೆ ನೀರಿನ ಪೈಪಿನ ಮೇಲಿಂದ ಹೋಗ್ಲಿ."

"ಮೇಲಿಂದ ಹೋಗ್ಬೇಕಂತೆ ಕಣೋ."

"ಅವರಿಗೆ ಹೇಳಕ್ಕ, ಮೇಲಿಂದ ಹೋದ್ರೆ ನಾಲ್ಕು ಮೀಟರ್ ಜಾಸ್ತಿ ಆಗತ್ತೆ."

"ನಾಲ್ಕು ಮೀಟರ್ ಜಾಸ್ತಿಯಂತೆ ರೀ."

ಅಳಿಲಕ್ಕನಿಗೆ ನಗು ತಡೆಯಲಾಗಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುವವರಿಗೆ ದುಭಾಷಿ! ನಾಳೆ ಯಾರಾದರೂ ಕೇಳಿದರೆ, 'ನಾನು ಅವನ ಹತ್ತಿರ ಒಂದು ಮಾತೂ ಆಡಿಲ್ಲ' ಎಂದು ಕಾರ್ಯದರ್ಶಿ ಎದೆ ತಟ್ಟಿಕೊಂಡು ಹೇಳಬಹುದು. ನಾಟಕವೇ ಕಸುಬಾದವಳ ಎದುರು ನಾಟಕ. ಆದರೂ ಅಭಿನಯ ಚೆನ್ನಾಗಿದೆ ಎಂದು ಅವಳು ಒಳಗೇ ಅಂಕ ಕೊಟ್ಟಿದ್ದಳು. ಅಷ್ಟೇ ಅಲ್ಲ, ಅದರಿಂದ ಒಂದು ಉಪಯೋಗದ ಮಾಹಿತಿಯನ್ನೂ ಹೆಕ್ಕಿಕೊಂಡಿದ್ದಳು: 'ಅವನಿಗೆ ಹೇಳು' ಎಂದರು, 'ಅವರಿಗೆ' ಎನ್ನಲಿಲ್ಲ. ಅಂದರೆ ಒಳಗಿನ ಮಾತುಕತೆಯಲ್ಲಿ ಏಕವಚನ. ಫೋನಿನಲ್ಲಿ 'ನೀನು' ಅನ್ನಬೇಕು. ಸಣ್ಣ ಸಂಗತಿ; ಆದರೆ ಎಚ್ಚರಗೇಡಿ ಕಳ್ಳರು ಸಿಕ್ಕಿಬೀಳುವುದು ಇಂಥದರಲ್ಲೇ.

ದನಿಯ ಬಗ್ಗೆ ಚಿಂತೆಯಿರಲಿಲ್ಲ. ಹೋದ ವರ್ಷದ ವಾರ್ಷಿಕ ಸಮಾರಂಭದಲ್ಲಿ ಅವಳು ಕಾರ್ಯದರ್ಶಿಯನ್ನು ವೇದಿಕೆಯ ಮೇಲೆ ಮೂರು ನಿಮಿಷ ಮಾಡಿ ತೋರಿಸಿದ್ದಳು. ಕಾರ್ಯದರ್ಶಿಯ ಹೆಂಡತಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡು, "ಮುಚ್ಚಿದ ಬಾಗಿಲಾಚೆ ನೀವು ಮಾತಾಡಿದ್ರೆ ನಾನು ಇವರೇ ಅಂದ್ಕೊಂಡು ಊಟಕ್ಕೆ ಹಾಕ್ಬಿಡ್ತೀನಿ" ಎಂದಿದ್ದರು. ಆ ಸರ್ಟಿಫಿಕೇಟು ಸಾಕಿತ್ತು. ಆದರೂ ಒಂದು ವಾರ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದಳು. ಸೊರ್ರ್ ಬರಬೇಕಾದದ್ದು ಮಾತಿನ ಕೊನೆಗಲ್ಲ, 'ಅಂದ್ರೆ' ಆದ ತಕ್ಷಣ. 'ಇಲ್ವಾ' ಎನ್ನುವಾಗ ದನಿ ಮೇಲೆ ಹೋಗಿ ಅಲ್ಲೇ ನಿಲ್ಲಬೇಕು, ಮೆಟ್ಟಿಲು ಹತ್ತಿದವನು ಕೆಳಗಿಳಿಯಲು ಮರೆತ ಹಾಗೆ.

ಫೋನು ಯಾವುದು? ತನ್ನದಂತೂ ಅಲ್ಲ. ಸಂಘದ ಕಚೇರಿಯ ಮೇಜಿನ ಫೋನು. ಪ್ರತಿ ಬುಧವಾರ ಮಧ್ಯಾಹ್ನ ಅವಳು ಕಚೇರಿಯ ಪಕ್ಕದ ಆಟದ ಕೋಣೆಯಲ್ಲಿ ಮಕ್ಕಳಿಗೆ ಕತೆ ಹೇಳುತ್ತಿದ್ದಳು. ಒಂದೂಕಾಲಿಗೆ ಗುಮಾಸ್ತರು ಮುಂಬಾಗಿಲಿಗೆ ಬೀಗ ಹಾಕಿ ಊಟಕ್ಕೆ ಹೋಗುತ್ತಾರೆ. ಆಟದ ಕೋಣೆಯಿಂದ ಒಳಗೆ ಹೋಗುವ ಬಾಗಿಲಿಗೆ ಬರೀ ಚಿಲಕ. ಅದೇ ಹೊತ್ತಿಗೆ ಕಾರ್ಯದರ್ಶಿ ಮನೆಯಲ್ಲಿ ಫೋನು ಆರಿಸಿ ಮಲಗಿರುತ್ತಾರೆ. ಈ ಬುಧವಾರ ಸಂಜೆ ಅವರೂ ಹೆಂಡತಿಯೂ ಬೇರೆ ಊರಿನ ಮಗಳ ಮನೆಗೆ ಹೊರಡುವವರು, ಬರುವುದು ಶನಿವಾರ ಸಂಜೆ. ಮೂರು ದಿನದ ಕೆಲಸಕ್ಕೆ ಮೂರು ದಿನ ಸಮಯ.

ಇನ್ನು ಆಮೇಲಿನ ಮಾತು. ಕಾರ್ಯದರ್ಶಿ ಬಂದು ನೋಡಿ, ನಾನು ಹೇಳಲೇ ಇಲ್ಲ ಅಂದರೆ? ಅನ್ನಲಿ! ಭಾವ ಭಾಮೈದ ಸೇರಿ ಸಂಘದ ದುಡ್ಡು ತಿಂದರು ಎಂದು ನಲವತ್ತೆಂಟು ಮನೆ ಮೊದಲೇ ನಂಬಿಕೊಂಡಿದೆ. 'ಹೇಳಿದ್ದೆ' ಎಂದರೆ ಖರ್ಚು ಸಂಘದ್ದು. 'ಹೇಳಿಲ್ಲ' ಎಂದರೆ, ಹಾಗಾದರೆ ಉಳಿದ ಕೆಲಸಗಳನ್ನೆಲ್ಲ ಯಾರು ಹೇಳಿದ್ದು ಎಂಬ ಪ್ರಶ್ನೆ. ಕಳ್ಳನಿಗೆ ಚೇಳು ಕುಟುಕಿದ ಹಾಗೆ. ಅಯ್ಯೋ ಅನ್ನುವ ಹಾಗಿಲ್ಲ. ಕೇಬಲ್ಲನ್ನು ಕಿತ್ತು ಹಾಕಿಸೋಣವೆಂದರೆ ಅವರದೇ ನಿಯಮ ಹದಿನಾಲ್ಕು ಕೈ ಹಿಡಿಯುತ್ತದೆ. ಮತ್ತೆ ತಾನು ಕರೆಂಟನ್ನೇನೂ ಕದಿಯುತ್ತಿಲ್ಲವಲ್ಲ? ಮೀಟರು ತನ್ನ ಹೆಸರಿನಲ್ಲೇ ಇರುತ್ತದೆ, ಓಡಿದ್ದಕ್ಕೆ ಕಟ್ಟುತ್ತಾಳೆ. ಕದಿಯುತ್ತಿರುವುದು ದೂರವನ್ನು ಮಾತ್ರ. ತೊಂಬತ್ತೆರಡು ಮೀಟರ್ ದೂರ ತನ್ನ ತಪ್ಪಲ್ಲ.

ಬುಧವಾರ ಆಮೆ ಮೊಲವನ್ನು ಗೆದ್ದಾದ ಮೇಲೆ ಮಕ್ಕಳು ಹೋದರು. ದಿಂಬುಗಳನ್ನು ಜೋಡಿಸುವ ನೆಪದಲ್ಲಿ ಅವಳು ಉಳಿದಳು. ಮುಂಬಾಗಿಲಿನ ಬೀಗದ ಸದ್ದು. ಚಿಲಕ. ಮೇಜಿನ ಗಾಜಿನ ಕೆಳಗೆ ವೈರಿನವನ ನಂಬರು.

"ಹಲೋ, ಹೇಳಿ" ಎಂದ ಅವನು. ಹಿಂದೆ ಕೊರೆಯುವ ಯಂತ್ರದ ಗದ್ದಲ.

"ಅಲ್ಲಾ, ವಿಷಯ ಏನಪ್ಪಾ ಅಂದ್ರೆ" — ಸೊರ್ರ್ — "ನಮ್ಮ ಕಟ್ಟಡದಲ್ಲಿ ಒಂದು ಕೆಲಸ ಆಗ್ಬೇಕು."

ಯಂತ್ರ ನಿಂತಿತು.

"ಯಾರು?"

"ಯಾರು ಅಂದ್ರೆ? ನಾನು ಕಣಯ್ಯ. ನನ್ನ ದನಿ ಗೊತ್ತಾಗಲ್ವಾ ನಿಂಗೆ?"

ಮೌನ. ಎಷ್ಟು ಹೊತ್ತೆಂದರೆ, ಲೈನು ಕಡಿಯಿತೇನೋ ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಆಮೇಲೆ ತೀರಾ ಮೆಲ್ಲಗೆ, "ಭಾವಾ?"

ಅಳಿಲಕ್ಕ ಒಳಗೇ ಬೀಗಿದಳು. ಯಜಮಾನನೇ ನೇರವಾಗಿ ಫೋನು ಮಾಡಿದರೆ ಆಳಿನ ಕೈಕಾಲು ನಡುಗಬೇಕಾದದ್ದೇ. ನಲವತ್ತೊಂದನೇ ಜಾಗಕ್ಕೆ, ಅಂದರೆ ತನ್ನದೇ ಜಾಗಕ್ಕೆ, ಚಾರ್ಜರು ಹಾಕಬೇಕು, ಅಂದಾಜು ಪಟ್ಟಿಯ ಪ್ರಕಾರವೇ, ಸಂಘದ ಖರ್ಚಿನಲ್ಲಿ ಎಂದಳು. ಎಲ್ಲಕ್ಕಿಂತ ದೂರದ ಜಾಗದಲ್ಲೇ ಒಂದು ಮಾದರಿ ಇದ್ದರೆ ಉಳಿದವರಿಗೆ ಧೈರ್ಯ ಬರುತ್ತದೆ. ನಾಳೆಯೇ ಶುರು ಮಾಡು. ಶನಿವಾರದೊಳಗೆ ಮುಗಿಯಬೇಕು. ನಾನು ಊರಲ್ಲಿರಲ್ಲ, ಫೋನು ಮಾಡ್ಬೇಡ.

"ಆಯ್ತು ಭಾವ."

"ನಿಮ್ಮಕ್ಕಂಗೂ ಈಗಲೇ ಹೇಳ್ಬೇಡ."

ಮೂಗೆಳೆದುಕೊಂಡ ಸದ್ದು, ಈ ಸಲ ಆ ಕಡೆಯಿಂದ. ಸಿಮೆಂಟಿನ ಧೂಳಿರಬೇಕು.

"ಇಲ್ಲ ಭಾವ, ಹೇಳಲ್ಲ. ಅಕ್ಕಂಗೆ ಎದುರಿಗೇ ಗೊತ್ತಾಗ್ಲಿ. ನೀವು... ನೀವೇ ಫೋನ್ ಮಾಡಿದ್ರಲ್ಲ, ಇನ್ನೇನು ಬೇಕು ನಂಗೆ?"

"ಗೊತ್ತಾಯ್ತಾ, ಇಲ್ವಾ?" ಎಂದು ದನಿಯನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಅವಳು ಫೋನಿಟ್ಟಳು. ಫೋನನ್ನು ಸೆರಗಿನಿಂದ ಒರೆಸಿದಳು. ಗುಮಾಸ್ತರ ಕುರ್ಚಿಯನ್ನು ಇದ್ದ ಕೋನಕ್ಕೇ ತಿರುಗಿಸಿದಳು. ಒಟ್ಟು ನಾಲ್ಕು ನಿಮಿಷ.

ಗುರುವಾರ ಬೆಳಿಗ್ಗೆ ಎಂಟಕ್ಕೆ ವೈರಿನವನು ಇಬ್ಬರು ಕೆಲಸಗಾರರೊಂದಿಗೆ ಹಾಜರಾದ. ಅವನು ಕೆಲಸ ಮಾಡಿದ ರೀತಿ ನೋಡಿ ಅಳಿಲಕ್ಕನಿಗೇ ಆಶ್ಚರ್ಯ. ಕೇಬಲ್ಲಿಗೆ ಗೇಣಿಗೊಂದು ಕಟ್ಟು. ತಿರುವುಗಳಲ್ಲಿ ತಟ್ಟೆಯ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ. ಪಟ್ಟಿಯಲ್ಲಿ ಇಲ್ಲದಿದ್ದರೂ ಚಾರ್ಜರಿನ ಮೇಲೊಂದು ಪುಟ್ಟ ದೀಪ ಹಾಕಿದ. ಕೆಲಸದ ನಡುವೆ ಗುನುಗುತ್ತಿದ್ದ. ಶುಕ್ರವಾರ ಕಾಫಿ ತಂದುಕೊಟ್ಟು ಅವಳು ಸಹಜವಾಗಿ ಎಂಬಂತೆ ವಿಚಾರಿಸಿದಳು: "ಬಿಲ್ಲು ಸಂಘಕ್ಕೆ ತಾನೆ ಕಳ್ಸೋದು?"

ಅವನು ಕಿವಿಯ ಪೆನ್ಸಿಲು ಮುಟ್ಟಿಕೊಂಡು ನಕ್ಕ. "ಬಿಲ್ಲಾ? ಇದಕ್ಕೆ ಬಿಲ್ಲು ಹಾಕಿದ್ರೆ ಮನುಷ್ಯ ಅಂತಾರಾ ನನ್ನ?"

ಒಂದು ಕ್ಷಣ ಅವಳ ಮನಸ್ಸಿನಲ್ಲಿ ಏನೋ ಚುಚ್ಚಿತು. ಮರುಕ್ಷಣ ಅರ್ಥವಾಯಿತು: ಬಿಲ್ಲಿಲ್ಲದಿದ್ದರೆ ದಾಖಲೆಯೂ ಇಲ್ಲ. ಲಿಫ್ಟಿನ ರಿಪೇರಿಯಲ್ಲೋ ಪಂಪಿನ ಮೋಟಾರಿನಲ್ಲೋ ಸೇರಿಸಿ ಎಳೆಯುತ್ತಾರೆ. ಪಳಗಿದ ಕೈಗಳು! ಅವಳಿಗೆ ಅವರ ಮೇಲೆ ಹೆಚ್ಚುಕಡಿಮೆ ಗೌರವವೇ ಬಂತು.

ಶನಿವಾರ ಮಧ್ಯಾಹ್ನ ಬಿಳಿ ಪೆಟ್ಟಿಗೆಯಲ್ಲಿ ಹಸಿರು ಚುಕ್ಕೆ ಹೊತ್ತಿತು. ಕಾರು ಅದರ ಬಾಲ ಕಚ್ಚಿಕೊಂಡು ತೆಪ್ಪಗೆ ಕರೆಂಟು ಕುಡಿಯತೊಡಗಿತು. ಇಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಸುಮ್ಮನಿದ್ದು ದಕ್ಕಿಸಿಕೊಳ್ಳುವುದು ಕಳ್ಳರ ಗುಣ. ಅವಳಿಗೆ ಬೇಕಾದದ್ದು ಆ ಸಭೆಯ ನಗುವಿಗೆ ಉತ್ತರ. ಲಿಫ್ಟಿನ ಬಳಿ ಒಂದು ಪ್ರಕಟಣೆ ಅಂಟಿಸಿದಳು: 'ಸಂಘದ ಮಾದರಿ ಚಾರ್ಜರಿನ ಉದ್ಘಾಟನೆ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಮಾನ್ಯ ಕಾರ್ಯದರ್ಶಿಗಳ ಅಮೃತ ಹಸ್ತದಿಂದ.' ಕಾರ್ಯದರ್ಶಿ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿಸಿದಳು.

"ಅವರು ಒಪ್ಪಿದ್ದು ಹೇಗೆ?" ಎಂದ ಗಂಡ, ಪ್ರಕಟಣೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ.

"ಕಂಠಶೋಷಣೆ ಮಾಡ್ಕೊಂಡೆ."

ಅವಳ ಲೆಕ್ಕ ಸರಳವಾಗಿತ್ತು. ಕಾರ್ಯದರ್ಶಿ ಊರಿಂದ ಬಂದು ಆ ದಪ್ಪಕ್ಷರ ನೋಡುತ್ತಾರೆ. ಖಜಾಂಚಿಯೋ ಯಾರೋ ಮಾಡಿಸಿರಬೇಕು ಎಂದುಕೊಳ್ಳುತ್ತಾರೆ. ತನಗೇ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಆಸಾಮಿಯಲ್ಲ. ಹಾರ, ಕತ್ತರಿ, ಮೈಕು ಕಂಡರೆ ಬಿಡುವವರೂ ಅಲ್ಲ. ನೂರು ಜನರೆದುರು ಒಮ್ಮೆ ರಿಬ್ಬನು ಕತ್ತರಿಸಿದರೆ ಅದು ಅವರದೇ ಕೂಸು. ತಮ್ಮದಲ್ಲದ ಕೂಸಿಗೆ ಹೆಸರಿಟ್ಟವರು ಮತ್ತೆ ಯಾವ ಬಾಯಲ್ಲಿ ಅದು ತಮ್ಮದಲ್ಲ ಅನ್ನುತ್ತಾರೆ?

ಒಂದಕ್ಷರವೂ ತಪ್ಪಲಿಲ್ಲ. ಭಾನುವಾರ ಅವರು ಕೋಟು ಹಾಕಿಕೊಂಡು ಬಂದರು. ನೆಲಮಾಳಿಗೆ ತುಂಬ ಜನ, ಬಾನೆಟ್ಟಿನ ಮೇಲೆ ಮಕ್ಕಳು. ಕಾರ್ಯದರ್ಶಿ ಕೇಬಲ್ಲನ್ನು ಕಣ್ಣಲ್ಲೇ ಮೀಟರು ಕೋಣೆಯ ತನಕ ಅಳೆದರು, ಒಂದು ಗಳಿಗೆ ಹುಬ್ಬು ಗಂಟಾಯಿತು, ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಹುಬ್ಬು ಸಡಿಲಾಯಿತು. ರಿಬ್ಬನು ಕತ್ತರಿಸಿದರು. "ಅಲ್ಲಾ, ವಿಷಯ ಏನಪ್ಪಾ ಅಂದ್ರೆ, ಇದು ನನ್ನ ಬಹಳ ದಿನದ ಕನಸು" ಎಂದರು. ಅಳಿಲಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಇಂಥ ಸುಖವನ್ನು ಅವಳು ಅಳಿಲಾಗಿದ್ದಾಗಲೂ ಕಂಡಿರಲಿಲ್ಲ.

ಆಗ ಜನರ ಹಿಂದಿನಿಂದ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕಿವಿಯ ಮೇಲೆ ಪೆನ್ಸಿಲಿಲ್ಲದೆ, ಹಣ್ಣಿನ ಬುಟ್ಟಿ ಹಿಡಿದು ವೈರಿನವನು ಬಂದ. ಬುಟ್ಟಿಯನ್ನು ಕಾರ್ಯದರ್ಶಿಯ ಕಾಲ ಬಳಿ ಇಟ್ಟು, ಅಕ್ಕನ ಕಡೆ ತಿರುಗಿ, "ಹನ್ನೊಂದು ವರ್ಷ ಆಗಿತ್ತಲ್ಲಕ್ಕ" ಎಂದ; ಕಣ್ಣಿಂದ ನೀರು ಬಳಬಳ ಇಳಿಯುತ್ತಿತ್ತು. "ನಮ್ಮ ಗೃಹಪ್ರವೇಶದ ದಿನ ನಾನೇ ಹಾಕಿದ ದೀಪ ಆರಿಹೋಯ್ತು ಅಂತ ಭಾವ ಆಡಿಕೊಂಡ್ರು, ನಾನೂ ಎದುರು ಮಾತಾಡ್ದೆ, ಅವತ್ತಿಂದ ನಮ್ಮಿಬ್ರ ನಡುವೆ ಮಾತಿಲ್ಲ. ಈ ಬುಧವಾರ ಭಾವ ತಾವಾಗೇ ಫೋನ್ ಮಾಡಿ ನನ್ನ ಮಾತಾಡ್ಸಿದ್ರು ಕಣಕ್ಕ." ಕನಸನ್ನು ತಮ್ಮದು ಎಂದವರು, ಕೂಸನ್ನು ಒಪ್ಪಿಕೊಂಡವರು, ಸೋತು ಮೊದಲು ಮಾತಾಡಿದ್ದು ತಾವೇ ಎಂಬುದನ್ನು ಮಾತ್ರ ಒಪ್ಪಿಕೊಳ್ಳುವವರಾಗಿರಲಿಲ್ಲ. ಅವರ ಮುಖ ಕೆಂಪಗಾಯಿತು; ಕಂಬದ ಕಡೆ ತಿರುಗಿದರು; ಮಾರು ದೂರದಲ್ಲಿ ನಿಂತಿದ್ದ ಭಾಮೈದನನ್ನು ಬಿಟ್ಟು ಹೆಂಡತಿಗೆ ಹೇಳಿದರು: "ಅವನಿಗೆ ಹೇಳು, ನಾನು ಯಾವ ಫೋನೂ ಮಾಡಿಲ್ಲ ಅಂತ." ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೆಂಡತಿ ಆ ಮಾತನ್ನು ದಾಟಿಸಲಿಲ್ಲ. ತಮ್ಮನ ಒದ್ದೆ ಮುಖವನ್ನು ನೋಡಿದರು, ಗೋಡೆಯ ಮೇಲಿನ ಹಸಿರು ಚುಕ್ಕೆಯನ್ನು ನೋಡಿದರು, ಅದು ಯಾರ ಕಾರಿಗೆ ಸಿಕ್ಕಿಕೊಂಡಿದೆ ಎಂದು ನೋಡಿದರು, ಆಮೇಲೆ ಇನ್ನೂ ಚಪ್ಪಾಳೆಯ ಭಂಗಿಯಲ್ಲೇ ಉಳಿದಿದ್ದ ಎರಡು ಕೈಗಳ ಹಿಂದಿನ ಮುಖವನ್ನು. "ಅಳಿಲಕ್ಕ," ಎಂದರು ಬಹಳ ಮೃದುವಾಗಿ, "ಹೋದ ವರ್ಷ ಸಮಾರಂಭದಲ್ಲಿ ಇವರ ಹಾಗೆ ಮಾತಾಡಿ ತೋರಿಸಿದ್ರಲ್ಲ, ಅದನ್ನ ಇನ್ನೊಂದ್ಸಲ ಮಾಡಿ. ನಮ್ಮ ತಮ್ಮ ಕೇಳಲಿ."